ಕರಿಕಲ್ಲಿನ ವಯಸ್ಸು ಕೇಳೋಕೆ ಹೋಗಿ ಪಕ್ಕದ್ಮನೆ ವಯಸ್ಸು ತಂದಿದ್ದು

ಮೊದಲ್ನೇ ರಿಸಲ್ಟ್ ಬಂದ ದಿನ ರಾತ್ರಿ ಹನ್ನೊಂದಕ್ಕೆ ಅಮ್ಮಂಗೆ ಫೋನ್ ಮಾಡಿ "ಅಮ್ಮಾ, ನನ್ ಕಲ್ಲಿಗೆ 252 ಕೋಟಿ ವರ್ಷ" ಅಂತ ಕಿರುಚಿದ್ದೆ. ಅಮ್ಮ ನಿದ್ದೆಗಣ್ಣಲ್ಲೇ "ಸರಿ ಬಿಡು, ಊಟ ಆಯ್ತಾ" ಅಂದ್ರು. ನಾಲ್ಕೇ ದಿನಕ್ಕೆ ಗೊತ್ತಾಯ್ತು, ಅದು ನನ್ನ ಕಲ್ಲಿನ ವಯಸ್ಸೇ ಅಲ್ಲ, ಪಕ್ಕದ್ಮನೆಯವರದ್ದು. ಒಂದೂವರೆ ವರ್ಷದ ಕೆಲಸ ನೀರಲ್ಲಿ ಹೋಮ. ಅಮ್ಮಂಗೆ ಮಾತ್ರ ಇನ್ನೂ ತಿದ್ದಿ ಹೇಳಿಲ್ಲ, ಅವರು ಈಗ್ಲೂ ನೆಂಟರ ಮುಂದೆ 252 ಕೋಟಿ ಅಂತಾನೇ ಹೇಳ್ಕೊಂಡ್ ಓಡಾಡ್ತಾರೆ.

ನಾನು ಪಿಎಚ್‌ಡಿಗೆ ತಗೊಂಡಿದ್ದು ಡೈಕ್‌ಗಳನ್ನ. ಭೂಮಿ ಆಳದಲ್ಲಿ ಕರಗಿದ ಕಲ್ಲು ಮೇಲೆ ಬರ್ತಾ, ಮೊದ್ಲೇ ಅಲ್ಲಿದ್ದ ಬಂಡೆಯ ಬಿರುಕಲ್ಲಿ ನುಗ್ಗಿ, ಹೊರಗೆ ಬರದೆ ಅಲ್ಲೇ ಗಟ್ಟಿಯಾಗಿ ಗೋಡೆ ಥರ ನಿಂತುಬಿಡತ್ತಲ್ಲ, ಅದೇ ಡೈಕ್. ಬಿಡದಿ, ಹಾರೋಹಳ್ಳಿ, ಕನಕಪುರದ ಕಡೆ ಬೈಕಲ್ಲಿ ಹೋಗಿದ್ರೆ ನೀವು ನೋಡೇ ಇರ್ತೀರ, ಸುತ್ತ ಎಲ್ಲಾ ಬೂದು, ಗುಲಾಬಿ ಬಂಡೆ, ಮಧ್ಯದಲ್ಲಿ ಯಾರೋ ಜೋಡಿಸಿಟ್ಟಂಗೆ ಕರೀ ಗುಂಡುಗಳ ಸಾಲು, ಹೊಲ ದಾಟಿ ಕೆರೆ ದಾಟಿ ನೆಟ್ಟಗೆ ಹೋಗ್ತಾ ಇರತ್ತೆ. ಅಡುಗೆಮನೆ ಕಟ್ಟೆಗೆ 'ಬ್ಲಾಕ್ ಗ್ರಾನೈಟ್' ಅಂತ ಹಾಕಿಸ್ಕೊಳ್ತೀವಲ್ಲ, ಚಾಮರಾಜನಗರದ್ದು ಕನಕಪುರದ್ದು ಅಂತ, ಅದು ಗ್ರಾನೈಟೇ ಅಲ್ಲ, ಇದೇ ಡೈಕಿನ ಡಾಲರೈಟ್ ಕಲ್ಲು. ಅಂಗಡಿಯವರ ಹತ್ರ ಇದನ್ನ ವಾದ ಮಾಡೋಕೆ ಹೋಗ್ಬೇಡಿ, ನಾನು ಮಾಡಿ ನೋಡಿದೀನಿ, ರೇಟೇನೂ ಕಮ್ಮಿ ಆಗಲ್ಲ.

ಈ ಡೈಕ್‌ಗಳು ಒಂದೇ ಕಾಲದವಲ್ಲ. ಬೆಂಗಳೂರು ಸುತ್ತಮುತ್ತ ಪೂರ್ವ-ಪಶ್ಚಿಮವಾಗಿ ಹೋಗೋ ದಪ್ಪ ದಪ್ಪ ಡೈಕ್‌ಗಳಲ್ಲಿ ಸುಮಾರು 237 ಕೋಟಿ ವರ್ಷದವು ಇವೆ ಅಂತ 2007ರಲ್ಲೇ ಸರಿಯಾಗಿ ಅಳೆದಿದ್ರು. ಅದೇ ಏರಿಯಾದಲ್ಲಿ ಉತ್ತರ-ದಕ್ಷಿಣವಾಗಿ ಹೋಗೋ ಇನ್ನೊಂದು ಗುಂಪಿದೆ, ಹಾರೋಹಳ್ಳಿ ಡೈಕ್‌ಗಳು ಅಂತಾರೆ, ಅವು ತುಂಬಾ ಚಿಕ್ಕವು. ಚಿಕ್ಕವು ಅಂದ್ರೆ ನಮ್ ಲೆಕ್ಕದಲ್ಲಿ, 119 ಕೋಟಿ ವರ್ಷ. ಉತ್ತರದ ಕಡೆ ಹೋದ್ರೆ 220 ಕೋಟಿ, 218 ಕೋಟಿ, 188 ಕೋಟಿ, ಹಿಂಗೆ ಬೇರೆ ಬೇರೆ ಸಲ ನುಗ್ಗಿದವು ಸಿಗ್ತವೆ. ಬರೀ ಕಣ್ಣಲ್ಲಿ ನೋಡಿದ್ರೆ ಎಲ್ಲಾ ಒಂದೇ ಕರಿಕಲ್ಲು. ದಿಕ್ಕು ನೋಡಿ 'ಇದು ಇಂಥ ಗುಂಪು' ಅಂತ ಮ್ಯಾಪಲ್ಲಿ ಬಣ್ಣ ಬಳಿಯೋದು ಹಳೇ ಚಾಳಿ, ಎಷ್ಟೋ ಸಲ ತಪ್ಪಾಗತ್ತೆ. ನನ್ನ ಕೆಲಸ ಇಷ್ಟೇ, ಬಿಡದಿ-ಹಾರೋಹಳ್ಳಿ ಮಧ್ಯದ ಒಂದು ಪೂರ್ವ-ಪಶ್ಚಿಮ ಡೈಕ್ ಹಿಡ್ಕೊಂಡು ಅದರ ಜಾತಕ ಬರೆಯೋದು, ಯಾವಾಗ ಹುಟ್ತು, ಎಲ್ಲಿಂದ ಬಂತು.

ಡೈಕ್ ಪಕ್ಕದಲ್ಲಿ ಒಬ್ಬರು ತಾತನ ರಾಗಿ ಹೊಲ. ನಾನು ಸುತ್ತಿಗೆ ಎತ್ತಿ ಎರಡೇಟು ಹಾಕೋದ್ರೊಳಗೆ ಅವರು ಬಂದು ಬದು ಮೇಲೆ ಕುಂತ್ರು.

"ಏನ್ ಕಣವ್ವ ಅದು, ನಿಧಿ ಗಿಧಿ ಐತಾ?"

"ಇಲ್ಲ ತಾತ, ಈ ಕಲ್ಲಿಗೆ ಎಷ್ಟು ವಯಸ್ಸು ಅಂತ ನೋಡ್ಬೇಕು."

"ನಮ್ಮಪ್ಪನ ಕಾಲದಿಂದ ಇಂಗೇ ಐತೆ ಕಣವ್ವ, ಬರ್ಕೋ."

ಬರ್ಕೊಂಡೆ. ಫೀಲ್ಡ್ ನೋಟ್‌ಬುಕ್ಕಲ್ಲಿ ಮೊದಲ್ನೇ ಎಂಟ್ರಿ ಅದೇ ಇದೆ.

ಈಗ ತಪ್ಪಿನ ಕಥೆ. ಸಕ್ಕರೆ ಪಾಕನ ತಣ್ಣನೆ ತಟ್ಟೆಗೆ ಸುರಿದ್ರೆ ಅಂಚು ಮೊದ್ಲು ಗಟ್ಟಿ ಆಗತ್ತೆ, ನಡುಮಧ್ಯ ತುಂಬಾ ಹೊತ್ತು ಬಿಸಿಯಾಗೇ ಇರತ್ತೆ. ಡೈಕೂ ಹಂಗೇ. ತಣ್ಣಗಿದ್ದ ಗ್ರಾನೈಟ್ ಗೋಡೆಗೆ ತಾಗಿದ ಅಂಚು ಬೇಗ ಗಟ್ಟಿಯಾಗಿ ಹರಳು ಬೆಳೆಯೋಕೇ ಟೈಮ್ ಸಿಗದೆ ನುಣ್ಣಗೆ ಇರತ್ತೆ, ಮಧ್ಯದಲ್ಲಿ ನಿಧಾನಕ್ಕೆ ಆರಿ ಕಲ್ಲುಸಕ್ಕರೆ ಥರ ದಪ್ಪ ಹರಳು ಕಟ್ಟತ್ತೆ. ವಯಸ್ಸು ತೋರಿಸೋ ಖನಿಜಗಳು ಹುಟ್ಟೋದು ಕೊನೇಗೆ ಉಳಿದ ಆ ಬಿಸಿ ಪಾಕದಲ್ಲಿ, ಹಾಗಾಗಿ ಸ್ಯಾಂಪಲ್ ತೆಗೆಯೋದಾದ್ರೆ ಡೈಕಿನ ನಡುಮಧ್ಯ ಅತಿ ದಪ್ಪ ಹರಳಿರೋ ಜಾಗದಲ್ಲೇ ತೆಗೀಬೇಕು. ಇದು ನಂಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು, ಎಗ್ಸಾಮಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದ್ರೆ ಅವತ್ತು ಏಪ್ರಿಲ್ ಬಿಸಿಲು, ಡೈಕಿನ ಮಧ್ಯದ ಗುಂಡುಗಳು ಸುತ್ತಿಗೆಗೆ ಬಗ್ಗಲ್ಲ, ಗುಂಡು ಗುಂಡಾಗಿರೋದ್ರಿಂದ ಏಟು ಹಾಕಿದ್ರೆ ಸುತ್ತಿಗೆನೇ ವಾಪಸ್ ಹಾರತ್ತೆ, ಅಂಚಲ್ಲಿ ಆದ್ರೆ ಬಿರುಕು ಇದೆ, ಚೂಪು ಮೂಲೆ ಇದೆ, ಹದಿನೈದು ನಿಮಿಷಕ್ಕೆ ಚೀಲ ತುಂಬ್ತು. ಇಪ್ಪತ್ತು ಕೇಜಿ ಹೊತ್ಕೊಂಡು ಖುಷಿಯಾಗಿ ಬಂದೆ.

ಲ್ಯಾಬಲ್ಲಿ ಪುಡಿ ಮಾಡ್ಸಿ, ಜರಡಿ ಹಿಡಿದು, ನೀರಲ್ಲಿ ತೊಳೆದು, ಭಾರದ ದ್ರಾವಣದಲ್ಲಿ ಮುಳುಗಿದ್ದನ್ನ ಎತ್ಕೊಂಡು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಜಿರ್ಕಾನ್, ವಯಸ್ಸು ತೋರಿಸೋ ಖನಿಜಗಳಲ್ಲಿ ಒಂದು! ಒಂದಲ್ಲ ಎರಡಲ್ಲ, ಮೂವತ್ತಕ್ಕೂ ಜಾಸ್ತಿ, ತೆಳು ಗುಲಾಬಿ ಬಣ್ಣ, ನೀಟಾಗಿ ಎರಡೂ ಕಡೆ ಚೂಪು. ಡಾಲರೈಟಲ್ಲಿ ಇಷ್ಟೊಂದು ಜಿರ್ಕಾನ್ ಸಿಗೋದೇ ಅಪರೂಪ, ಅಲ್ಲೇ ನಂಗೆ ಅನುಮಾನ ಬರ್ಬೇಕಿತ್ತು, ಆದ್ರೆ ಅದೃಷ್ಟ ಅಂತ ಅನ್ಕೊಂಡೆ. ಜಿರ್ಕಾನ್ ಯಾಕೆ ಬೇಕು ಅಂದ್ರೆ ಅದು ಹುಟ್ಟೋವಾಗ ಯುರೇನಿಯಂನ ಒಳಗೆ ಬಿಟ್ಕೊಳ್ಳತ್ತೆ, ಸೀಸನ ಹತ್ರಕ್ಕೇ ಸೇರಿಸಲ್ಲ. ಆಮೇಲೆ ಯುರೇನಿಯಂ ತನ್ನ ಪಾಡಿಗೆ ತಾನು ಕ್ಷಯಿಸಿ ಸೀಸ ಆಗ್ತಾ ಹೋಗತ್ತೆ, ಹಾಗಾಗಿ ಒಳಗೆ ಇವತ್ತು ಸಿಗೋ ಸೀಸ ಹೆಚ್ಚುಕಮ್ಮಿ ಎಲ್ಲಾ ಅಲ್ಲೇ ಹುಟ್ಟಿದ್ದು, ಅದನ್ನ ಅಳೆದ್ರೆ ಎಷ್ಟು ಕಾಲ ಆಯ್ತು ಅಂತ ಲೆಕ್ಕ ಸಿಗತ್ತೆ. ಇದರಲ್ಲಿ ಒಂದಲ್ಲ ಎರಡು ಗಡಿಯಾರ ಇದಾವೆ. ಯುರೇನಿಯಂ-238 ಅರ್ಧ ಆಗೋಕೆ 447 ಕೋಟಿ ವರ್ಷ, ಯುರೇನಿಯಂ-235ಕ್ಕೆ 70 ಕೋಟಿ ಸಾಕು. ಎರಡೂ ಒಂದೇ ಟೈಮ್ ತೋರಿಸಿದ್ರೆ ನಂಬಬಹುದು, ಬೇರೆ ಬೇರೆ ತೋರಿಸಿದ್ರೆ ಮಧ್ಯದಲ್ಲಿ ಯಾವಾಗ್ಲೋ ಸೀಸ ಸೋರಿದೆ ಅಂತ. ಒಂದು ಗಡಿಯಾರ ಕೆಟ್ಟರೆ ಇನ್ನೊಂದು ಚಾಡಿ ಹೇಳೋ ಈ ವ್ಯವಸ್ಥೆ ನಂಗೆ ಇಡೀ ಸಬ್ಜೆಕ್ಟಲ್ಲಿ ಅತಿ ಇಷ್ಟ.

ಲೇಸರ್ ಮಷೀನ್‌ಗೆ ಆರು ತಿಂಗಳು ಕಾದು, ಸ್ಲಾಟ್ ಸಿಕ್ಕಿ, ಹರಳುಗಳ ಮೇಲೆ ಸಣ್ಣ ಸಣ್ಣ ಗುಳಿ ಹೊಡೆಸಿದ್ವಿ. ಎರಡೂ ಗಡಿಯಾರ ಸೂಪರಾಗಿ ಒಂದೇ ಹೇಳಿದ್ವು, 252 ಕೋಟಿ. ಒಂದು ಹರಳು ಮಾತ್ರ 300 ಕೋಟಿ ದಾಟಿತ್ತು, ಅದನ್ನ ಪಕ್ಕಕ್ಕಿಟ್ಟೆ, ಎಲ್ಲ ಗುಂಪಲ್ಲೂ ಒಬ್ಬ ಹಂಗೆ ಇರ್ತಾನೆ ಅಂತ. ಆ ರಾತ್ರಿನೇ ಅಮ್ಮಂಗೆ ಫೋನ್ ಮಾಡಿದ್ದು.

ನಮ್ಮ ಸಾರ್ ಗ್ರಾಫ್ ನೋಡಿ ಏನೂ ಮಾತಾಡ್ಲಿಲ್ಲ. ಹರಳುಗಳ ಒಳಗಿನ ಫೋಟೋ ಕೇಳಿದ್ರು, ಎಲೆಕ್ಟ್ರಾನ್ ಬೀಮಲ್ಲಿ ಹೊಳೆಯೋ ಹಂಗೆ ಮಾಡಿ ತೆಗೀತಾರಲ್ಲ ಅದು. ಮರದ ಕಾಂಡ ಕೊಯ್ದಂಗೆ ಸುತ್ತು ಸುತ್ತು ಗೆರೆ. "ಇಂಥ ಗೆರೆ ಎಲ್ಲಿ ನೋಡಿದ್ಯಮ್ಮ?" ಅಂದ್ರು. ಗ್ರಾನೈಟಲ್ಲಿ ಸಾರ್ ಅಂದೆ. "ನಿನ್ನ ಡೈಕ್ ಯಾವುದನ್ನ ಸೀಳ್ಕೊಂಡು ಹೋಗಿದೆ?" ಗ್ರಾನೈಟ್ ಸಾರ್. "ಅದರ ವಯಸ್ಸು?"

ಅಲ್ಲಿಗೆ ನಂಗೆ ಕಾಲ್ಕೆಳಗಿನ ನೆಲ ಹೋಯ್ತು. ಆ ಗ್ರಾನೈಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು, ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಲ್ಲಿ ಇಟ್ಟಿದ್ದು. ರಾಮನಗರದ ಆ ದೊಡ್ಡ ದೊಡ್ಡ ಬೆಟ್ಟಗಳೆಲ್ಲ ಅದೇ, ಅಲ್ಲಿಂದ ಉತ್ತರಕ್ಕೆ ಬಳ್ಳಾರಿ ಕಡೆವರೆಗೂ ನೂರಾರು ಕಿಲೋಮೀಟರ್ ಪಟ್ಟಿ ಥರ ಹೋಗತ್ತೆ. ಅದರ ವಯಸ್ಸು ಸುಮಾರು 252 ಕೋಟಿ ವರ್ಷ! ನನ್ನ ಡೈಕ್ ಬಿರುಕಲ್ಲಿ ನುಗ್ಗೋವಾಗ ಗೋಡೆಯಿಂದ ಗ್ರಾನೈಟ್ ಚೂರುಗಳನ್ನ ಕಿತ್ಕೊಂಡಿದೆ, ಆ ಚೂರು ಕರಗಿದ್ರೂ ಒಳಗಿದ್ದ ಜಿರ್ಕಾನ್ ಮೊಂಡು ಜಾತಿ, ಕರಗದೆ ಹಂಗೇ ಕೂತಿದೆ, ನಾನು ಅಂಚಿಂದ ಎತ್ಕೊಂಡ್ ಬಂದಿದ್ದು ಪೂರಾ ಅದನ್ನೇ. ಆ 300 ಕೋಟಿಯವನು ಇನ್ನೂ ಹಿಂದಿನ ತಲೆಮಾರು, ಲಾಲ್‌ಬಾಗ್ ಬಂಡೆ ಇದ್ಯಲ್ಲ, ಆ ಥರದ ಹಳೇ ನೈಸ್ (gneiss, ಬಿಸಿಗೆ ಒತ್ತಡಕ್ಕೆ ರೂಪ ಬದಲಾದ ಪಟ್ಟೆ ಪಟ್ಟೆ ಕಲ್ಲು) ಬಂಡೆಯಿಂದ ಗ್ರಾನೈಟಿಗೆ ಬಂದು, ಗ್ರಾನೈಟಿಂದ ನನ್ನ ಡೈಕಿಗೆ ಬಂದವನು.

ನಿಜ ಹೇಳ್ಬೇಕಂದ್ರೆ ಫೋಟೋನೂ ಬೇಕಿರ್ಲಿಲ್ಲ. ಅಂಚು ನುಣ್ಣಗೆ ಇದೆ ಅಂದ್ರೆ ಡೈಕ್ ನುಗ್ಗೋ ಹೊತ್ತಿಗೆ ಗ್ರಾನೈಟ್ ಪೂರ್ತಿ ತಣ್ಣಗಾಗಿ ಬಿರುಕು ಬಿಡೋ ಹಂಗಿತ್ತು ಅಂತ ಅರ್ಥ, ಭೂಮಿ ಆಳದಲ್ಲಿ ಅಷ್ಟು ದೊಡ್ಡ ಗ್ರಾನೈಟ್ ತಣ್ಣಗಾಗೋಕೆ ಎಷ್ಟು ಕಾಲ ಬೇಕು, ಇಬ್ಬರಿಗೂ ಒಂದೇ ವಯಸ್ಸು ಹೆಂಗೆ ಬರತ್ತೆ? ಒಂದೂವರೆ ವರ್ಷ ಆ ಅಂಚನ್ನ ಕಣ್ಣಾರೆ ನೋಡಿದವಳು ನಾನು. ಮಷೀನ್ ನಂಬರ್ ಕೊಟ್ಟಿದ್ದೇ ತಡ, ಕಣ್ಣಲ್ಲಿ ನೋಡಿದ್ದು ಮರೆತೇ ಹೋಯ್ತು.

ನನ್ನ ಥರ ಮೋಸ ಹೋದವರು ಹಿಂದೇನೂ ಇದಾರೆ, ಅದೊಂದೇ ಸಮಾಧಾನ. ಹಾರೋಹಳ್ಳಿ ಡೈಕ್‌ಗಳನ್ನೇ ತಗೊಳ್ಳಿ, ರುಬಿಡಿಯಂ-ಸ್ಟ್ರಾನ್ಷಿಯಂ ಅನ್ನೋ ಇನ್ನೊಂದು ಜೋಡಿ ಧಾತುವಿನ ಗಡಿಯಾರದಲ್ಲಿ 80 ಕೋಟಿ ಚಿಲ್ಲರೆ ವರ್ಷ ಅಂತ ಎಷ್ಟೋ ಕಾಲ ಓಡ್ತಾ ಇತ್ತು. ಆ ವಯಸ್ಸನ್ನ ನಂಬ್ಕೊಂಡು, ಕಲ್ಲಿನ ಕಾಂತ ದಿಕ್ಕು ಇಟ್ಕೊಂಡು, ಆಗ ಭಾರತ ಭೂಗೋಳದ ಮೇಲೆ ಎಲ್ಲಿತ್ತು ಅಂತ ಮ್ಯಾಪ್ ಕೂಡ ಹಾಕಿದ್ರು. 2008ರಲ್ಲಿ ಅದೇ ಡೈಕ್‌ಗಳ ಜಿರ್ಕಾನಲ್ಲಿ ಯುರೇನಿಯಂ-ಸೀಸ ಅಳೆದಾಗ ಬಂದಿದ್ದು 119 ಕೋಟಿ, ಹೆಚ್ಚುಕಮ್ಮಿ ಒಂದು ಕೋಟಿ ಆಕಡೆ ಈಕಡೆ. 35 ಕೋಟಿ ವರ್ಷಕ್ಕೂ ಜಾಸ್ತಿ ವ್ಯತ್ಯಾಸ ಸ್ವಾಮಿ, ಡೈನೋಸಾರ್ ಹುಟ್ಟಿ ಸತ್ತು ಅದಾದ ಮೇಲಿನದೆಲ್ಲ ಅದರೊಳಗೆ ಹಿಡಿಯತ್ತೆ. ಅಲ್ಲಿ ಆದ ತಪ್ಪು ನನ್ನದಕ್ಕೆ ಉಲ್ಟಾ, ಅವರ ಗಡಿಯಾರ ಬಿಸಿಗೋ ನೀರಿಗೋ ಸಿಕ್ಕಿ ಕೆಟ್ಟು ವಯಸ್ಸು ಕಮ್ಮಿ ಹೇಳ್ತು, ನನ್ನ ಗಡಿಯಾರ ಕರೆಕ್ಟಾಗೇ ಇತ್ತು, ಬೇರೆಯವರ ಕೈಯಲ್ಲಿತ್ತು ಅಷ್ಟೇ.

ಸರಿ, ಮತ್ತೆ ಫೀಲ್ಡ್. ಈ ಸಲ ಡೈಕ್ ಉದ್ದಕ್ಕೂ ಮೂರು ದಿನ ನಡೆದೆ, ಒಂದು ಕಡೆ ಕ್ವಾರಿ ಸಿಕ್ತು. ಕ್ವಾರಿ ಹುಡುಗ್ರಿಗೆ ನನಗಿಂತ ಜಾಸ್ತಿ ಗೊತ್ತಿರತ್ತೆ, ಕಾಳು ದಪ್ಪ ಇರೋ ಕಲ್ಲು ಎಲ್ಲಿ ಅಂತ ಕೇಳಿದ್ದಕ್ಕೆ ಒಬ್ಬ ವೇಸ್ಟ್ ಗುಡ್ಡೆ ಕಡೆ ಕೈ ತೋರಿಸ್ದ. ಅವರಿಗೆ ಬೇಕಾಗಿರೋದು ನುಣ್ಣಗೆ ಕಪ್ಪಗೆ ಪಾಲಿಶ್ ಹಿಡಿಯೋ ಕಲ್ಲು, ಹರಳು ದಪ್ಪ ಆದ್ರೆ ಗಿರಾಕಿ ಬೇಡ ಅಂತಾನೆ, ತಂದು ಸುರೀತಾರೆ. ಅವರು ಬಿಸಾಕಿದ್ದೇ ನಂಗೆ ಬೇಕಾಗಿದ್ದು. ಮೆಷಿನಲ್ಲಿ ಕುಯ್ದ ಚೂಪು ಮೂಲೆಯ ತುಂಡುಗಳು, ಬಿಳೀ ಫೆಲ್ಡ್‌ಸ್ಪಾರ್ ಖನಿಜದ ಕಡ್ಡಿಗಳು ಅಕ್ಕಿಕಾಳಿನಷ್ಟು ಉದ್ದ, ನಡುವೆ ಕರೀ ಪೈರಾಕ್ಸಿನ್ ಖನಿಜ. ಎಲ್ಲಿಂದ ತೆಗೆದಿದ್ದು, ಅಂಚಿಂದ ಎಷ್ಟು ದೂರ ಅಂತ ಕೇಳಿ, ಜಾಗ ನೋಡಿ, ಅದೇ ಮುಖದಿಂದ ಹೊಸದಾಗಿ ಹತ್ತು ಕೇಜಿ ಒಡೆಸ್ಕೊಂಡೆ. ಅವನು ಟೀ ಕೊಡಿಸ್ದ, ದುಡ್ಡು ತಗೊಳ್ಲಿಲ್ಲ.

ಕಪ್ಪು ಅಂದಿದ್ದಕ್ಕೆ ಒಂದು ಮಾತು. ಫೆಲ್ಡ್‌ಸ್ಪಾರ್ ಅಸಲಿಗೆ ಬಿಳಿ. ಆದ್ರೂ ಕೆಲವು ಡೈಕ್ ಯಾಕೆ ಇದ್ದಿಲಿನ ಥರ ಕಪ್ಪು ಅಂದ್ರೆ, ಡೈಕ್ ತುಂಬಾ ಕಾಲ ಆಳದಲ್ಲಿ ಬಿಸಿಯಲ್ಲಿ ಇದ್ದಾಗ ಫೆಲ್ಡ್‌ಸ್ಪಾರ್ ಒಳಗೆ ಕಬ್ಬಿಣದ ಆಕ್ಸೈಡಿನ ಧೂಳಿನಂಥ ಕಣ ಹುಟ್ಟಿ ಮಬ್ಬು ಕವಿಯತ್ತೆ, ಮೈಕ್ರೋಸ್ಕೋಪಲ್ಲಿ ಹೊಗೆ ತುಂಬಿದ ಗಾಜಿನ ಥರ ಕಾಣ್ಸತ್ತೆ. ನಮ್ಮ ಸೀಮೆಯಲ್ಲಿ ದಕ್ಷಿಣಕ್ಕೆ ಹೋದಷ್ಟೂ ಒಂದು ಕಾಲದಲ್ಲಿ ಆಳದಲ್ಲಿದ್ದ ಪದರ ಈಗ ಮೇಲೆ ಬಂದಿದೆ, ಅದಕ್ಕೇ ಆ ಕಡೆ ಡೈಕ್ ಕಪ್ಪು ಜಾಸ್ತಿ. ಅಂಗಡಿಯವರು ಕಪ್ಪು ಜಾಸ್ತಿ ಅಂತ ದುಡ್ಡು ಜಾಸ್ತಿ ತಗೊಂಡ್ರೆ ಅದರಲ್ಲಿ ಸ್ವಲ್ಪ ಆ ಆಳಕ್ಕೆ ಕೊಟ್ಟಂಗೆ.

ಈ ಸಲ ಜಿರ್ಕಾನ್ ಬೇಡ, ಬ್ಯಾಡೆಲಿಯೈಟ್ ಹುಡುಕು ಅಂದ್ರು ಸಾರ್. ಇದು ಬರೀ ಜಿರ್ಕೋನಿಯಂ ಆಕ್ಸೈಡ್, ಸಿಲಿಕಾ ಕಮ್ಮಿ ಇರೋ ಕಡೆ ಮಾತ್ರ ಹುಟ್ಟತ್ತೆ. ಶ್ರೀಲಂಕಾದಲ್ಲಿ ರೈಲ್ವೆ ಕೆಲಸದಲ್ಲಿದ್ದ ಜೋಸೆಫ್ ಬ್ಯಾಡೆಲಿ ಅನ್ನೋರು ಮೊದ್ಲು ಕಳಿಸಿದ ಸ್ಯಾಂಪಲ್ಲಿಂದ ಆ ಹೆಸರು. ಇದರ ದೊಡ್ಡ ಗುಣ ಏನಂದ್ರೆ ಗ್ರಾನೈಟ್ ಥರ ಸಿಲಿಕಾ ತುಂಬಿದ ಕಲ್ಲಲ್ಲಿ ಇದು ಬದುಕಲ್ಲ, ಅಲ್ಲಿ ಸಿಲಿಕಾ ಜೊತೆ ಸೇರಿ ಜಿರ್ಕಾನೇ ಆಗೋಗತ್ತೆ. ಹಾಗಾಗಿ ಡಾಲರೈಟಲ್ಲಿ ಬ್ಯಾಡೆಲಿಯೈಟ್ ಸಿಕ್ರೆ ಅದು ಪಕ್ಕದ್ಮನೆಯಿಂದ ಬಂದಿರೋಕೆ ಸಾಧ್ಯವೇ ಇಲ್ಲ ಅನ್ನೋವಷ್ಟು, ಮನೇಮಗನೇ. ತೊಂದರೆ ಏನಂದ್ರೆ ಸೈಜು. ಕೂದಲಿನ ದಪ್ಪಕ್ಕಿಂತ ಸಣ್ಣ, ಬಹಳಷ್ಟು 50 ಮೈಕ್ರಾನೂ ಇರಲ್ಲ, ತೆಳ್ಳಗೆ ಬ್ಲೇಡ್ ಥರ, ಟೀ ಡಿಕಾಕ್ಷನ್ ಬಣ್ಣ. ಮಾಮೂಲಿ ವಿಧಾನದಲ್ಲಿ ತೊಳೆದ್ರೆ ಎಲ್ಲಾ ನೀರಲ್ಲಿ ಕೊಚ್ಕೊಂಡು ಹೋಗತ್ತೆ.

ಅದಕ್ಕೆ ಸ್ವೀಡನ್‌ಗೆ ಹೋದೆ, ಎರಡು ತಿಂಗಳಿಗೆ, ಅಲ್ಲಿನ ಒಂದು ಲ್ಯಾಬಿಗೆ. ನವೆಂಬರು, ಸಾಯಂಕಾಲ ನಾಲ್ಕಕ್ಕೆಲ್ಲ ಕತ್ತಲು. ಅಲ್ಲಿ ಅಲುಗಾಡೋ ಒಂದು ಓರೆ ಟೇಬಲ್ ಇತ್ತು, ವಿಲ್‌ಫ್ಲಿ ಟೇಬಲ್ ಅಂತ, ಮೇಲೆ ಸಣ್ಣ ಸಣ್ಣ ಪಟ್ಟಿ, ತೆಳುವಾಗಿ ನೀರು ಹರೀತಾ ಇರತ್ತೆ. ಕಲ್ಲುಪುಡಿನ ನೀರಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಬಿಡ್ಬೇಕು, ಹಗುರ ಇರೋದು ನೀರಿನ ಜೊತೆ ಕೆಳಗಿಳಿದು ಹೋಗತ್ತೆ, ಭಾರ ಇರೋದು ಮೇಲ್ಗಡೆ ಅಂಚಿಗೆ ತೆವಳ್ಕೊಂಡು ಹೋಗತ್ತೆ. ನಿಂತ್ಕೊಂಡು ನೋಡ್ತಾ ನೋಡ್ತಾ ನಂಗೆ ಅಮ್ಮ ಅಕ್ಕಿ ಜಾಲಿಸೋದೇ ಕಣ್ಮುಂದೆ ಬಂತು. ಎರಡು ಪಾತ್ರೆ ಇಟ್ಕೊಂಡು, ತೂಗಿ ತೂಗಿ, ನೀರಿನ ಜೊತೆ ಅಕ್ಕಿನ ಆಕಡೆ ಬಗ್ಗಿಸ್ತಾ, ಕೊನೇಗೆ ತಳದಲ್ಲಿ ನಾಲ್ಕು ಕಲ್ಲು ಉಳಿಯತ್ತಲ್ಲ, ಅದೇ. ಆದ್ರೆ ಅಮ್ಮ ಅಕ್ಕಿ ಇಟ್ಕೊಂಡು ಕಲ್ಲು ಬಿಸಾಕ್ತಿದ್ರು, ನಾನು ಹತ್ತು ಕೇಜಿ ಬಿಸಾಕಿ ತಳದ ಚಿಟಿಕೆ ಇಟ್ಕೋಬೇಕು. ಅಲ್ಲಿನ ಟೆಕ್ನಿಷಿಯನ್‌ಗೆ ಇದನ್ನ ಹೇಳೋಕೆ ಟ್ರೈ ಮಾಡ್ದೆ, ಅವರಿಗೆ ಅಕ್ಕಿಲಿ ಕಲ್ಲು ಯಾಕಿರತ್ತೆ ಅನ್ನೋದೇ ಅರ್ಥ ಆಗ್ಲಿಲ್ಲ.

ಪೂರಾ ಎರಡು ದಿನ ಆಮೇಲೆ ಪೆಟ್ರಿ ಡಿಶ್ಶಲ್ಲಿ ಒಂದು ಕರೀ ಗೆರೆ ಉಳೀತು. ಪೆನ್ಸಿಲ್ಲಷ್ಟು ಸಣ್ಣ ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಸುತ್ತಿ ಮೇಲೆ ಆಡಿಸಿದ್ರೆ ಮ್ಯಾಗ್ನೆಟೈಟ್ ಎದ್ದು ಅಂಟ್ಕೊಳ್ಳತ್ತೆ. ಉಳಿದಿದ್ದನ್ನ ಆಲ್ಕೋಹಾಲಲ್ಲಿ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಒಂದೊಂದಾಗಿ ನೋಡ್ಬೇಕು. ಮೊದಲ್ನೇ ದಿನ ಬೆಳಗ್ಗೆಯಿಂದ ಕೂತು ಸೊನ್ನೆ. ಸಂಜೆ ಕುತ್ತಿಗೆ ಹಿಡ್ಕೊಂಡು, ಎದ್ದು ಹೋಗೋಣ ಅನ್ನೋವಾಗ ಸುಮ್ನೆ ಡಿಶ್ ಸ್ವಲ್ಪ ತಿರುಗಿಸ್ದೆ, ಮೂಲೇಲಿ ಏನೋ ಒಂದು ಕಂದು ಚೂರು ಪಳಕ್ ಅಂತು. ಗುಂಡುಪಿನ್ನಿನ ತಲೆ ಮೇಲೆ ನೂರು ಇಡಬಹುದು ಅಷ್ಟು ಸಣ್ಣದು, ಒಂದು ಮುಖ ಮಾತ್ರ ಬೆಳಕು ಹಿಡಿದು ಹೊಳೀತಿದೆ, ಉದ್ದಕ್ಕೆ ಗೀರು. ಉಸಿರು ಬಿಟ್ರೆ ಎಲ್ಲಿ ಹಾರೋಗತ್ತೋ ಅಂತ ಬಾಯಿ ಮುಚ್ಕೊಂಡು ಟೆಕ್ನಿಷಿಯನ್‌ನ ಕೈಸನ್ನೆ ಮಾಡಿ ಕರೆದೆ. ಅವರು ನೋಡಿ ತಲೆ ಆಡಿಸಿದ್ರು. ಆ ವಾರದಲ್ಲಿ ಒಟ್ಟು ಇಪ್ಪತ್ತಮೂರು ಸಿಕ್ತು. ಒಂದನ್ನ ಪಿಪೆಟ್ಟಲ್ಲಿ ಎತ್ತೋವಾಗ ಕಳ್ಕೊಂಡೆ, ಇಪ್ಪತ್ತೆರಡು.

ಕ್ಲೀನ್ ಲ್ಯಾಬಲ್ಲಿ ಒಂದು ಮದುವೆಮನೆಯಷ್ಟು ಶಾಸ್ತ್ರ. ಬಳೆ ತೆಗಿ, ಓಲೆ ತೆಗಿ, ಕಾಡಿಗೆ ತೊಳಿ, ಕುಂಕುಮ ಒರೆಸು, ತಲೆಯಿಂದ ಕಾಲಿನವರೆಗೆ ಬಿಳೀ ಸೂಟ್. ಯಾಕಂದ್ರೆ ನಾವು ಅಳೆಯೋ ಸೀಸ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಭಾಗದ ಲೆಕ್ಕದಲ್ಲಿ ಇರತ್ತೆ, ಕುಂಕುಮದ ಒಂದು ಕಣದಲ್ಲಿ ಸೀಸ ಇದ್ರೆ ನನ್ನ ಇಡೀ ಡೈಕ್ ಅದರಲ್ಲಿ ಮುಳುಗೋಗತ್ತೆ. ಹರಳುಗಳನ್ನ ನಾಲ್ಕು-ಐದರ ಗುಂಪು ಮಾಡಿ, ತೊಳೆದು, ಟೆಫ್ಲಾನ್ ಡಬ್ಬೀಲಿ ಹೈಡ್ರೋಫ್ಲೋರಿಕ್ ಆಸಿಡ್ ಜೊತೆ ಹಾಕಿ, ಪ್ರಮಾಣ ಗೊತ್ತಿರೋ ಬೇರೆ ಐಸೋಟೋಪಿನ (ಅದೇ ಧಾತು, ತೂಕ ಮಾತ್ರ ಬೇರೆ) ಒಂದು ಹನಿ ಸೇರಿಸಿ, 200 ಡಿಗ್ರಿ ಮೇಲೆ ಮೂರು ದಿನ ಓವನ್ನಲ್ಲಿ ಇಟ್ವಿ. ಆ ಹನಿ ಅಳತೆಗೋಲು ಇದ್ದಂಗೆ, ಅದಕ್ಕೆ ಹೋಲಿಸಿ ನಮ್ಮದೆಷ್ಟು ಅಂತ ಲೆಕ್ಕ. ಆಮೇಲೆ ರೀನಿಯಂ ತಂತಿ ಮೇಲೆ ಒಣಗಿಸಿ, ಪರಮಾಣುಗಳನ್ನ ತೂಕ ನೋಡಿ ಬೇರೆ ಮಾಡಿ ಎಣಿಸೋ ಮಾಸ್ ಸ್ಪೆಕ್ಟ್ರೋಮೀಟರ್ ಒಳಗೆ. ಮಷೀನ್ ಭಾಗ ನಂಗೆ ಬೋರು, ಸ್ಕ್ರೀನ್ ಮೇಲೆ ನಂಬರ್ ಓಡತ್ತೆ ಅಷ್ಟೇ, ಕಾಫಿ ಕುಡೀತಾ ಕೂರೋದು.

ಐದರಲ್ಲಿ ಒಂದು ಗುಂಪು ಕೆಡ್ತು, ಒಂದರಲ್ಲಿ ಸೀಸ ಸೋರಿತ್ತು, ಮೂರು ಮಾತ್ರ ಗ್ರಾಫಲ್ಲಿ ಎರಡೂ ಗಡಿಯಾರ ಒಂದೇ ಟೈಮ್ ಹೇಳೋ ಗೆರೆ ಮೇಲೇ ಕೂತ್ವು. 236 ಕೋಟಿ 60 ಲಕ್ಷದ ಆಸುಪಾಸು, ತಪ್ಪಿದ್ರೆ ಹದಿನೈದಿಪ್ಪತ್ತು ಲಕ್ಷ ವರ್ಷ ಆಕಡೆ ಈಕಡೆ. 2007ರಲ್ಲಿ ಇದೇ ಗುಂಪಿನ ಬೇರೆ ಡೈಕ್‌ಗಳಿಗೆ ಬಂದ ನಂಬರಿಗೆ ಹೆಚ್ಚುಕಮ್ಮಿ ಅಂಟ್ಕೊಂಡಂಗಿತ್ತು. ಗ್ರಾನೈಟಿಗಿಂತ 15 ಕೋಟಿ ವರ್ಷ ಚಿಕ್ಕದು, ಅಷ್ಟರಲ್ಲಿ ಆರಿರತ್ತೆ ಬಿಡಿ. ಈ ಸಲ ಯಾರಿಗೂ ಫೋನ್ ಮಾಡ್ಲಿಲ್ಲ, ಮೊದ್ಲು ಫೀಲ್ಡ್ ನೋಟ್‌ಬುಕ್ ತೆಗೆದು ಎಲ್ಲಾ ತಾಳೆ ನೋಡ್ದೆ.

ಯಾವಾಗ ಅನ್ನೋದು ಮುಗೀತು, ಎಲ್ಲಿಂದ ಅನ್ನೋದು ಬೇರೆ ತಲೆನೋವು, ಇನ್ನೂ ಪೂರ್ತಿ ಮುಗ್ದಿಲ್ಲ. ಮೊದ್ಲು ಎಲ್ಲರೂ ಮಾಡೋದು ಕೆಮಿಸ್ಟ್ರಿ. ಕಲ್ಲಲ್ಲಿ ಯಾವ ಯಾವ ಧಾತು ಎಷ್ಟೆಷ್ಟಿದೆ ನೋಡಿ, ಭೂಮಿಯ ಮ್ಯಾಂಟಲ್ (ಹೊರಪದರದ ಕೆಳಗಿನ ದಪ್ಪ ಪದರ) ಎಷ್ಟು ಆಳದಲ್ಲಿ ಎಷ್ಟು ಪಾಲು ಕರಗಿದ್ರೆ ಇಂಥ ಪಾಕ ಬರತ್ತೆ ಅಂತ ಊಹೆ. ನನ್ನ ಅಂಚಿನ ಸ್ಯಾಂಪಲ್ ಇಲ್ಲೂ ಮಾನ ತೆಗೀತು, ಗ್ರಾನೈಟ್ ಕರಗಿ ಸೇರಿದ್ರಿಂದ ಸಿಲಿಕಾ, ಪೊಟ್ಯಾಸಿಯಂ ಜಾಸ್ತಿ ತೋರಿಸಿ ಬೇರೆ ಯಾವ್ದೋ ಮೂಲ ಅನ್ನೋ ಹಂಗೆ ಕಾಣ್ತಿತ್ತು. ನಂಗನ್ಸೋದು, ಡೈಕ್ ಕೆಮಿಸ್ಟ್ರಿ ಪೇಪರುಗಳಲ್ಲಿ ಮೊದ್ಲು ನೋಡ್ಬೇಕಾಗಿದ್ದು ಗ್ರಾಫ್ ಅಲ್ಲ, ಸ್ಯಾಂಪಲ್ ಅಂಚಿಂದ ಎಷ್ಟು ಮೀಟರ್ ದೂರ ಅನ್ನೋ ಸಾಲು.

ಇನ್ನೊಂದು ದಾರಿ ಕಾಂತ. ಡಾಲರೈಟಲ್ಲಿ ಮ್ಯಾಗ್ನೆಟೈಟ್ ಇರತ್ತೆ, ಕಲ್ಲು ಆರ್ತಾ 580 ಡಿಗ್ರಿಗಿಂತ ಕೆಳಗೆ ಬಂದಾಗ ಅವತ್ತಿನ ಭೂಕಾಂತದ ದಿಕ್ಕು ಅದರಲ್ಲಿ ಅಚ್ಚಾಗಿಬಿಡತ್ತೆ. ಪೆಟ್ರೋಲ್ ಡ್ರಿಲ್ಲಲ್ಲಿ ನೀರು ಬಿಡ್ತಾ ಎರಡೂವರೆ ಸೆಂಟಿಮೀಟರ್ ಅಗಲದ ಕಡ್ಡಿಗಳನ್ನ ಕೊರೀತೀವಿ, ತೆಗೆಯೋ ಮುಂಚೆ ಅದು ಯಾವ ದಿಕ್ಕಿಗೆ ಎಷ್ಟು ಓರೆ ಇತ್ತು ಅಂತ ಗುರುತು ಹಾಕ್ಬೇಕು. ಮಾಮೂಲಿ ದಿಕ್ಸೂಚಿ ನಂಬೋ ಹಂಗಿಲ್ಲ, ಕಲ್ಲೇ ಮುಳ್ಳನ್ನ ಎಳ್ಕೊಳ್ಳತ್ತೆ, ಸೂರ್ಯನ ನೆರಳು ನೋಡಿ ದಿಕ್ಕು ಹಾಕ್ಬೇಕು. ಗುಡ್ಡದ ನೆತ್ತಿಯಲ್ಲಿ ಕೊರೆದ ನಾಲ್ಕೂ ಕಡ್ಡಿ ಹುಚ್ಚುಹುಚ್ಚಾಗಿ ನಾಲ್ಕು ದಿಕ್ಕು ತೋರಿಸಿದ್ವು. ಸಿಡಿಲು. ನೆತ್ತಿ ಮೇಲೆ ಯಾವಾಗ್ಲೋ ಸಿಡಿಲು ಹೊಡೆದು ಹಳೇ ಅಚ್ಚು ಅಳಿಸಿ ತನ್ನದು ಬರೆದಿರತ್ತೆ. ತಾತಂಗೆ ಕೇಳ್ದೆ, "ಹೂಂ ಕಣವ್ವ, ಆ ಬಂಡೆ ಮ್ಯಾಲೆ ನಮ್ ಕುರಿ ಸತ್ತಿದ್ವು" ಅಂದ್ರು. ಮೊದ್ಲೇ ಕೇಳಿದ್ರೆ ಒಂದು ದಿನದ ಪೆಟ್ರೋಲ್ ಉಳೀತಿತ್ತು.

ಕ್ವಾರಿ ಕೆಳಗಿನಿಂದ ಕೊರೆದವು ಚೆನ್ನಾಗಿ ಬಂದ್ವು, ದಿಕ್ಕು ತುಂಬಾ ಕಡಿದು, ಹೆಚ್ಚುಕಮ್ಮಿ ಲಂಬವಾಗಿ. ಭೂಕಾಂತ ಹಂಗೆ ಲಂಬವಾಗಿರೋದು ಧ್ರುವದ ಹತ್ರ. ಅಂದ್ರೆ ಆಗ ನಮ್ಮ ಈ ನೆಲ ಧ್ರುವದ ಕಡೆ ಎಲ್ಲೋ ಇತ್ತು ಅಂತ, ಈ ಗುಂಪಿನ ಬೇರೆ ಡೈಕ್‌ಗಳೂ ಅದನ್ನೇ ಹೇಳ್ತವೆ. ಡೈಕಿಗೆ ತಾಗಿದ ಗ್ರಾನೈಟನ್ನೂ ಕೊರೆದ್ವಿ, ಬಿಸಿಗೆ ಬೆಂದ ಆ ಗೋಡೆನೂ ಅದೇ ದಿಕ್ಕು ತೋರಿಸ್ತು, ಬಿಸಿ ತಾಗದ ದೂರದ ಗ್ರಾನೈಟ್ ಮಾತ್ರ ಬೇರೆ ದಿಕ್ಕು. ಹಾಗಾಗಿ ಅಚ್ಚು ಡೈಕ್ ಹುಟ್ಟಿದಾಗಿಂದು, ಆಮೇಲೆ ಬಿದ್ದಿದ್ದಲ್ಲ.

ಪಾಕ ಯಾವ ಕಡೆಯಿಂದ ಹರೀತು ಅನ್ನೋದಕ್ಕೂ ಇದೇ ಕಡ್ಡಿ ಸಾಕು. ಹರಿಯೋವಾಗ ಸಣ್ಣ ಕಣಗಳು ಹೊಳೇಲಿ ಹುಲ್ಲು ಮಲಗಿದಂಗೆ ಒಂದು ಕಡೆ ಮಲಗ್ತವೆ, ಕಲ್ಲು ಯಾವ ದಿಕ್ಕಲ್ಲಿ ಸುಲಭವಾಗಿ ಕಾಂತ ಹಿಡಿಯತ್ತೆ ಅಂತ ಅಳೆದ್ರೆ ಅದು ಗೊತ್ತಾಗತ್ತೆ. ಕೆನಡಾದಲ್ಲಿ 126.7 ಕೋಟಿ ವರ್ಷದ ಮೆಕೆಂಜಿ ಡೈಕ್‌ಗಳು ಇದಾವೆ, ಬೀಸಣಿಗೆ ಕಡ್ಡಿ ಥರ ಒಂದು ಬಿಂದುವಿಂದ 2000 ಕಿಲೋಮೀಟರಿಗೂ ಜಾಸ್ತಿ ಹರಡಿದಾವೆ. ಅಲ್ಲಿ ಇದೇ ಅಳತೆ ಮಾಡಿದಾಗ ಆ ಬಿಂದುವಿನ ಹತ್ರ ಪಾಕ ಕೆಳಗಿಂದ ಮೇಲಕ್ಕೆ ಬಂದಿದೆ, ದೂರ ಹೋದ್ಮೇಲೆ ಅಡ್ಡಕ್ಕೇ ಹರಿದಿದೆ ಅಂತ ಸಿಕ್ತು. ಅಂದ್ರೆ ಎಲ್ಲೋ ಒಂದು ಕಡೆ ಉಕ್ಕಿದ್ದು ಸಾವಿರಾರು ಕಿಲೋಮೀಟರ್ ನೆಲದೊಳಗೇ ಓಡಿದೆ. ಅದನ್ನ ಓದಿದ್ಮೇಲೆ ನಮ್ಮ ಡೈಕ್ ಕೆಳಗಡೆನೇ ಅದರ ಒಲೆ ಇತ್ತು ಅಂತ ಅನ್ಕೊಳ್ಳೋದು ಬಿಟ್ಟೆ.

ನನ್ನ ಡೈಕಲ್ಲೂ ಹರಿವು ಬಹುಪಾಲು ಅಡ್ಡಕ್ಕೇ ಬಂತು. ಆದ್ರೆ ಪೂರ್ವದಿಂದ ಪಶ್ಚಿಮಕ್ಕಾ, ಪಶ್ಚಿಮದಿಂದ ಪೂರ್ವಕ್ಕಾ ಅಂತ ಕಾಂತ ಬಾಯಿ ಬಿಡಲ್ಲ, ಮಲಗಿದ ಹುಲ್ಲಿಗೆ ತಲೆ ಯಾವುದು ಬುಡ ಯಾವುದು ಅಂತ ಇಲ್ಲ. ಅದಕ್ಕೆ ಡೈಕ್‌ಗಳ ಒಟ್ಟು ನಕ್ಷೆ ನೋಡ್ಬೇಕು, 237 ಕೋಟಿಯ ಡೈಕ್‌ಗಳು ದಕ್ಷಿಣದಿಂದ ಉತ್ತರಕ್ಕೆ ಹೋಗ್ತಾ ದಿಕ್ಕು ಸ್ವಲ್ಪ ಸ್ವಲ್ಪ ತಿರುಗ್ತವೆ. ಬೀಸಣಿಗೆ ಥರ ಒಂದು ಬಿಂದುವಿಂದ ಹೊರಟಿದ್ದಕ್ಕೆ ಹಂಗೆ ಅಂತ ಒಂದು ಗುಂಪು, ಇಲ್ಲ ನೆಟ್ಟಗೇ ಇದ್ವು, ಆಮೇಲೆ ನೆಲವೇ ಬಾಗಿದ್ರಿಂದ ಹಂಗೆ ಕಾಣತ್ತೆ ಅಂತ ಇನ್ನೊಂದು ಗುಂಪು. ಸಾರ್ ಮೊದಲ್ನೇ ಕಡೆ, ನಾನು ಎರಡನೇ ಕಡೆ ವಾಲ್ತಾ ಇದೀನಿ, ಯಾಕಂದ್ರೆ ಬೇರೆ ಕಾಲದ ಡೈಕ್‌ಗಳೂ ಅದೇ ಥರ ಬಾಗಿದ್ರೆ ತಪ್ಪು ಡೈಕಿಂದಲ್ಲ ನೆಲದ್ದು ಅಂತಾಗತ್ತೆ ಅಲ್ವಾ. ಸಾರ್ ಎದುರು ಇದನ್ನ ಜೋರಾಗಿ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ, ಥೀಸಿಸ್ ಸಬ್ಮಿಟ್ ಆಗ್ಲಿ.

ಹೋದ ತಿಂಗಳು ತಾತನ್ನ ನೋಡೋಕೆ ಹೋಗಿದ್ದೆ, ವಯಸ್ಸು ಹೇಳೋಣ ಅಂತ. ಕ್ವಾರಿ ನಾನು ಸ್ಯಾಂಪಲ್ ತೆಗೆದ ಮುಖ ದಾಟಿ ಹತ್ತಡಿ ಮುಂದೆ ಹೋಗಿದೆ, ನನ್ನ ಹತ್ತು ಕೇಜಿಯ ಅಕ್ಕಪಕ್ಕದವೆಲ್ಲ ಯಾರದೋ ಮನೆಯ ಅಡುಗೆ ಕಟ್ಟೆ ಆಗಿರ್ಬೇಕು ಈಗ. 236 ಕೋಟಿ ಅಂದಿದ್ದಕ್ಕೆ ತಾತ ಸ್ವಲ್ಪ ಹೊತ್ತು ಸುಮ್ನಿದ್ದು, "ನೀನು ಮೊದ್ಲು 252 ಅಂದಿದ್ದಲ್ಲವ್ವ" ಅಂದ್ರು. ಯಾವಾಗ ಹೇಳಿದ್ನೋ ನಂಗೇ ನೆನಪಿಲ್ಲ. ಅದು ಪಕ್ಕದ ಬಿಳೀ ಬಂಡೇದು ತಾತ ಅಂದೆ. ಅವರು ಗ್ರಾನೈಟ್ ಕಡೆ ತಿರುಗಿ ನೋಡಿ, ಹೊಲದ ಆಚೆ ಕೈ ತೋರಿಸಿ, "ಅಂಗಾರೆ ಅದು?" ಅಂದ್ರು. ಅಲ್ಲಿ ಒಂದು ಮೊಣಕಾಲೆತ್ತರದ ಕರೀ ಗೆರೆ, ಉತ್ತರ-ದಕ್ಷಿಣ, ನನ್ನ ಡೈಕನ್ನ ಅಡ್ಡ ಸೀಳ್ಕೊಂಡು ಹೋಗತ್ತೆ. ಮೂರು ವರ್ಷದಿಂದ ಅದನ್ನ ದಾಟ್ಕೊಂಡೇ ಓಡಾಡ್ತಿದ್ದೆ. ಸೀಳಿದೆ ಅಂದ್ರೆ ನನ್ನದಕ್ಕಿಂತ ಚಿಕ್ಕದು ಅನ್ನೋದಂತೂ ಅಲ್ಲೇ ಗೊತ್ತಾಯ್ತು, ಹಾರೋಹಳ್ಳಿ ಗುಂಪಿನದಾ ಅನ್ನೋದು ನೋಡ್ಬೇಕು.

ನಡುಮಧ್ಯದಿಂದಲೇ ಎಂಟು ಕೇಜಿ ತಂದೆ, ಅಂಚಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ಫೋಟೋ ತೆಗೆದು. ಇಲ್ಲೀವರೆಗೆ ಅರ್ಧ ಜಾಲಿಸಿ ಆಗಿದೆ, ಮೂರು ಹರಳು ಸಿಕ್ಕಿದೆ. ಎರಡು ಕಂದು. ಒಂದು ತೆಳು ಗುಲಾಬಿ, ಎರಡೂ ಕಡೆ ಚೂಪು, ಅದನ್ನ ಬೇರೆ ಡಬ್ಬೀಲಿ ಹಾಕಿಟ್ಟಿದೀನಿ.